ದಿನಕ್ಕೊಂದು ಸುತ್ತು

ನನ್ನ ಬಲಗಾಲು ಮೊಣಕಾಲಿನಲ್ಲಿ ಮಡಿಚಿಕೊಂಡು ಹಾಗೇ ನಿಂತುಹೋಗಿ ಇದು ಒಂಬತ್ತನೆಯ ವರ್ಷ. ಇನ್ನು ಅದು ನೆಟ್ಟಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಾಯಿಲೆಯ ಕಥೆ ಹೇಳುವವರು ಕೊನೆಗೆ ಎದ್ದು ಓಡಾಡಿದೆ ಎಂದು ಮುಗಿಸುತ್ತಾರೆ, ಕೇಳುವವರೂ ಅದಕ್ಕೇ ಕಾದು ಕೂತಿರುತ್ತಾರೆ. ನನ್ನದರಲ್ಲಿ ಅದಿಲ್ಲ. ಮಧುಗಿರಿ, ಪಾವಗಡದ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗುಲಿಯ ಮೇಲೆ ಕೂತವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಅವರಲ್ಲಿ ಓದುಬರಹ ಬಲ್ಲವರು ಕಡಿಮೆ. ಬಲ್ಲವನೊಬ್ಬ ಅವರ ಪಕ್ಕದಲ್ಲೇ ಕೂತಿದ್ದ ಎಂದು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಾವು ಶಿವಾರ್ಚಕರು. ಮಿಡಿಗೇಶಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವ ಊರು. ಊರ ಮುಂದೆ ಈಶ್ವರನ ಗುಡಿ, ಗುಡಿಯ ಮುಂದೆ ಕಲ್ಲು ಮೆಟ್ಟಿಲಿನ ಕಲ್ಯಾಣಿ. ದೇವರ ಅಭಿಷೇಕಕ್ಕೂ ಅದೇ ನೀರು, ನಾವು ಕುಡಿಯುವುದೂ ಅದೇ. ಮೆಟ್ಟಿಲಿಳಿದು ಮೊಣಕಾಲುದ್ದ ನೀರಿಗೆ ಹೋಗಿ ಬಿಂದಿಗೆ ಮುಳುಗಿಸಿಕೊಂಡು ಬರಬೇಕು. ನನಗೂ ನನ್ನ ತಮ್ಮ ರುದ್ರಯ್ಯನಿಗೂ ಪೂಜೆಯ ಸರದಿ ವರ್ಷ ಬಿಟ್ಟು ವರ್ಷ, ಯುಗಾದಿಯಿಂದ ಯುಗಾದಿಗೆ. ನಮ್ಮಲ್ಲಿ ಒಂದು ಕಟ್ಟುನಿಟ್ಟು: ಕೀವು ರಕ್ತ ಸೋರುವ ಮೈಯವನು ಗರ್ಭಗುಡಿಯ ಹೊಸಿಲು ದಾಟುವಂತಿಲ್ಲ. ಅಂಗ ಊನವಾದವನಂತೂ ಮತ್ತೆಂದೂ ದಾಟುವಂತಿಲ್ಲ.

ನನ್ನ ಸರದಿಯ ವರ್ಷ, ಯುಗಾದಿಯ ಬೆಳಿಗ್ಗೆ ಪಂಚಾಂಗ ಓದುವ ಮೊದಲು ಊರಿನವರು ಒಬ್ಬೊಬ್ಬರಾಗಿ ಬಂದು ಕೈಯೊಡ್ಡುತ್ತಿದ್ದರು. ಅಂಗೈಗೆ ನಾಲ್ಕು ಅಕ್ಷತೆ, ಒಂದು ಉದ್ಧರಣೆ ನೀರು ಹಾಕಿ ನಾನು ಸಂಕಲ್ಪ ಹೇಳಿಸುತ್ತಿದ್ದೆ. ಯಾವ ಸಂವತ್ಸರ, ಯಾವ ಊರು, ಯಾರ ಮಗ, ಎಲ್ಲ ಹೇಳಿದ ಮೇಲೆ ಏತಕ್ಕಾಗಿ ಎಂಬ ಒಂದು ಜಾಗ ಬರುತ್ತದೆ. ಅಲ್ಲಿ ನಮ್ಮವರು ಸುಮ್ಮನಿರುತ್ತಿರಲಿಲ್ಲ.

“ಅಯ್ನೋರೇ, ಈ ವರ್ಸ ಹೆಂಡ ಬುಟ್ಬುಡ್ತೀನಿ ಅಂತ ಸೇರ್ಸಿ.”

“ನಮ್ಮ ಅಣ್ಣನ ತಂಟೆಗೆ ಹೋಗಾಕಿಲ್ಲ ಅಂತ ಹಾಕ್ಬುಡಿ, ನೋಡೇಬುಡಾನ.”

ನಾನು ಸೇರಿಸುತ್ತಿದ್ದೆ. ಸಂಸ್ಕೃತದಲ್ಲಿ ಹೇಳಿದ್ದರಿಂದ ಅವರಿಗೂ ಭಾರೀ ಗತ್ತು. ಎಂಟು ದಿನ ಕಳೆಯುವುದರೊಳಗೆ ಹೆಂಡದಂಗಡಿಯ ದಾರಿಯಲ್ಲಿ ಅದೇ ಮನುಷ್ಯ ಎದುರಾಗಿ, “ಮಂತ್ರದಾಗೆ ಏನೋ ಎಡವಟ್ಟಾಯ್ತು ಬುಡಿ ಅಯ್ನೋರೇ” ಎಂದು ನನ್ನ ತಲೆಗೇ ಕಟ್ಟುತ್ತಿದ್ದ. ನಾನೇನು ಕಡಿಮೆಯೇ? ಹೆಂಡತಿಯ ಮೇಲೆ ಸಿಡುಕುವುದಿಲ್ಲ ಎಂದು ವರ್ಷವರ್ಷವೂ ಸಂಕಲ್ಪ ಮಾಡುತ್ತಿದ್ದೆ. ಅದು ಅವತ್ತೇ ಮಧ್ಯಾಹ್ನ ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ ಮುರಿದುಬೀಳುತ್ತಿತ್ತು.

ನನ್ನ ತಂದೆ ಬದುಕಿದ್ದಾಗ ಒಮ್ಮೆ ಕರೆದು ಕೂರಿಸಿಕೊಂಡು ಹೇಳಿದ್ದರು. “ಸಂಕಲ್ಪದ ಕೊನೆಗೆ ‘ಕರಿಷ್ಯೇ’ ಅಂತೀವಲ್ಲ, ಹಾಗಂದರೆ ಮಾಡುತ್ತೇನೆ. ಮಾಡಿ ಮುಗಿಸುತ್ತೇನೆ ಅಂತಲ್ಲ. ಮುಗಿಯೋದು ನಮ್ಮ ಕೈಲಿಲ್ಲ. ಜನ ಅದನ್ನ ಆಣೆ ಮಾಡಿಕೊಂಡುಬಿಟ್ಟಿದ್ದಾರೆ. ನೀನು ಹಾಗೆ ಮಾಡಿಕೋಬೇಡ.” ನಾನು ಹೂಂ ಎಂದಿದ್ದೆ. ತಂದೆ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ನನ್ನ ಅಭ್ಯಾಸವಾಗಿತ್ತು, ಅಷ್ಟೆ.

ಆ ವರ್ಷದ ಯುಗಾದಿಯಿಂದ ಸರದಿ ನನ್ನದು. ಹೋಳಿ ಹುಣ್ಣಿಮೆಯ ಮಾರನೆಯ ದಿನ, ಅಂದರೆ ಹಬ್ಬಕ್ಕೆ ಇನ್ನು ಎರಡು ವಾರ ಇರುವಾಗ, ಬಲಗಾಲಿನ ಮೊಣಕಾಲಿಗೆ ಎರಡು ಬೆರಳು ಕೆಳಗೆ ಒಂದು ಬೊಕ್ಕೆ ಎದ್ದಿತು. ಮೈ ಬಿಸಿ, ತುರಿಕೆ, ಆಮೇಲೆ ಉರಿ. ಕೆಂಡ ಇಟ್ಟು ಮರೆತು ಹೋದ ಹಾಗೆ ಉರಿ. ಮಡಿನೀರಿಗೆಂದು ಕಲ್ಯಾಣಿಗೆ ಇಳಿದೆ. ನೀರು ಮೊಣಕಾಲು ಮುಟ್ಟಿದ್ದೇ ತಡ, ಉರಿ ಇಳಿದುಹೋಯಿತು. ಆ ಸುಖವನ್ನು ಏನೆಂದು ಹೇಳಲಿ! ಬಿಂದಿಗೆ ತುಂಬಿದ ಮೇಲೂ ನಾನು ಅಲ್ಲೇ ನಿಂತಿದ್ದೆ. ಮಾರನೆಯ ದಿನವೂ ನಿಂತೆ. ಮೂರನೆಯ ದಿನ ನೀರಿನೊಳಗೇ ಬೊಕ್ಕೆ ಒಡೆದು ಹಾಲಿನಂಥದ್ದೇನೋ ಹೊರಟು ಕಲ್ಯಾಣಿಯಲ್ಲಿ ಕರಗಿತು. ನಾನು ನೋಡುತ್ತ ನಿಂತಿದ್ದೆ. ಸದ್ಯ, ಒಡೆಯಿತಲ್ಲ, ಇನ್ನು ಒಣಗುತ್ತದೆ ಎಂದುಕೊಂಡೆ.

ಒಣಗಲಿಲ್ಲ. ಗಾಯದ ನಡುವೆ ಬಿಳಿಯ ದಾರದ ತುದಿ ಕಾಣಿಸಿತು. ನೋಡಿದ ಕೂಡಲೇ ಹುಳವೆಂದು ಗೊತ್ತಾಯಿತು, ಈ ಸೀಮೆಯಲ್ಲಿ ಅದನ್ನು ಕಾಣದವರು ಯಾರು? ಆದರೆ ಅದು ಕೊಳಕರಿಗೆ ಬರುವ ಕಾಯಿಲೆ, ದಿನಾ ಮಡಿಯುಟ್ಟು ಸ್ನಾನ ಮಾಡುವ ನಮ್ಮಂಥವರ ಹತ್ತಿರ ಸುಳಿಯುವುದಿಲ್ಲ ಎಂಬ ಜಂಬ ನನಗೆ. ನಾಚಿಕೆಯಾಯಿತು. ಹೆಂಡತಿ ಪಾರ್ವತಿಗೆ ಮುಳ್ಳು ತರಚಿದೆ ಎಂದು ಸುಳ್ಳು ಹೇಳಿದೆ. ತಮ್ಮನಿಗಂತೂ ಸುಳಿವೇ ಕೊಡಲಿಲ್ಲ. ಊರಿಗೆ ಗೊತ್ತಾದರೆ ಸರದಿ ತಪ್ಪುತ್ತದೆ. ದೇವರ ಎದುರು ನಿಂತು ಆಣೆ ಇಟ್ಟೆ: ಯುಗಾದಿಯ ಒಳಗೆ ಇದನ್ನು ಕಿತ್ತು ಹಾಕುತ್ತೇನೆ, ಹಬ್ಬದ ಅಭಿಷೇಕ ನನ್ನ ಕೈಯಿಂದಲೇ ಆಗುತ್ತದೆ.

ನಾಲ್ಕನೆಯ ದಿನ ಕುರುಬರ ಹಟ್ಟಿಯ ಕರಿಯಮ್ಮಜ್ಜಿಗೆ ಹೇಳಿಕಳಿಸಿದೆ. ಸುತ್ತ ಏಳೆಂಟು ಹಳ್ಳಿಗೆ ಹುಳ ತೆಗೆಯುವವಳು ಅವಳೇ. ಅರವತ್ತು ದಾಟಿದ ಒಣಕಲು ಮೈ, ಬೆರಳು ಮಾತ್ರ ಎಳೆಯ ಹುಡುಗಿಯ ಬೆರಳಿನಷ್ಟು ಹಗುರ. ಹಿತ್ತಿಲ ಬಾಗಿಲಿಂದ ಬಂದು, ಗಾಯ ನೋಡಿ, ಹೊರಗೆ ಹೋಗುವಾಗ ಪಾರ್ವತಿ ಏನೆಂದು ಕೇಳಿರಬೇಕು. ಅಜ್ಜಿ ಹೇಳಿದಳು, “ಇನ್ನೇನಮ್ಮಾ, ನಾರಿ ಕುರುಪು. ಗಂಡಸರಿಗೆ ಜಾಸ್ತಿ ಕಣಮ್ಮ ಇದು, ಊರೂರು ತಿರುಗ್ತಾರಲ್ಲ. ನಾಳೆ ಬತ್ತೀನಿ.”

ಪಾರ್ವತಿಯ ತವರು ಕೊರಟಗೆರೆ. ಅಲ್ಲಿ ಇದಕ್ಕೆ ನಾರುಹುಣ್ಣು ಎನ್ನುತ್ತಾರೆ. ನಾರಿ ಕುರುಪು ಎಂಬುದು ನಮ್ಮ ಕಡೆಯ ತೆಲುಗಿನ ಮಾತು, ಅದು ಅವಳ ಕಿವಿಗೆ ಬಿದ್ದಿರಲಿಲ್ಲ. ಅವಳಿಗೆ ಗೊತ್ತಿದ್ದ ನಾರಿ ಒಂದೇ.

ಮೂರು ದಿನ ಮನೆಯಲ್ಲಿ ಮಾತಿಲ್ಲ. ತಟ್ಟೆ ನೆಲಕ್ಕೆ ತಗುಲಿ ಸದ್ದು ಮಾಡುತ್ತಿತ್ತು, ಮಜ್ಜಿಗೆ ಮೇಲಿಂದ ಬೀಳುತ್ತಿತ್ತು. ನಾನು ನೋವಿನಲ್ಲಿ ಮುಳುಗಿದ್ದವನು, ಅಡುಗೆಮನೆಯಲ್ಲಿ ಏನೋ ಮುನಿಸು ಎಂದುಕೊಂಡೆ. ನಾಲ್ಕನೆಯ ದಿನ ಬಂದು ಎದುರಿಗೆ ನಿಂತಳು. ಕಣ್ಣು ಊದಿಕೊಂಡಿತ್ತು.

“ಯಾರವಳು?”

“ಯಾರು?”

“ಅದೇ, ನಾರಿ. ಮಧುಗಿರಿಯವಳೋ, ಪಾವಗಡದವಳೋ? ಮುಳ್ಳು ಚುಚ್ಚಿತು ಅಂದಿರಲ್ಲ ನನ್ನ ಹತ್ತಿರ!”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ, ನಕ್ಕರೆ ಗಾಯ ಎಳೆಯುತ್ತಿತ್ತು. ಅಷ್ಟರಲ್ಲಿ ಅವತ್ತಿನ ಕೆಲಸಕ್ಕೆ ಬಂದ ಅಜ್ಜಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಅಯ್ಯೋ ಪಿಚ್ಚಿ ತಾಯೇ, ನಾರಿ ಅಂದ್ರೆ ದಾರ ಕಣಮ್ಮ, ಬಿಲ್ಲಿಗೆ ಕಟ್ಟಾ ದಾರ! ಈ ಅಯ್ನೋರ ಮೂತಿಗೆ ಯಾವ ನಾರಿ ಬಂದಾಳು?”

ಪಾರ್ವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು. ಆ ಕಾಯಿಲೆಯ ಉದ್ದಕ್ಕೂ ನಾವು ಮೂವರೂ ಸೇರಿ ನಕ್ಕದ್ದು ಅದೊಂದೇ ಸಲ. ಅವತ್ತಿನಿಂದ ಅವಳಿಗೆ ಎಲ್ಲವೂ ಗೊತ್ತಾಯಿತು. ಗೊತ್ತಾದ ಮೇಲೆ ನನಗಿಂತ ಹೆಚ್ಚು ಹೆದರಿದಳು.

ಅಜ್ಜಿಯ ಕೆಲಸದಲ್ಲಿ ಔಷಧಿ ಎಂಬುದೇನೂ ಇರಲಿಲ್ಲ. ಜೋಳದ ದಂಟಿನ ಒಂದು ಸಣ್ಣ ಸೀಳು. ಹುಳದ ತುದಿಯನ್ನು ಅದಕ್ಕೆ ಸಿಕ್ಕಿಸಿ, ಒಂದು ಸುತ್ತು ಸುತ್ತಿ, ಕಡ್ಡಿಯನ್ನು ಕಾಲಿಗೆ ಬಟ್ಟೆಯಿಂದ ಕಟ್ಟಿ ಹೋಗುವುದು. ಮಾರನೆಯ ದಿನ ಬಂದು ಬಿಚ್ಚಿ ಇನ್ನೊಂದು ಸುತ್ತು. ಸುತ್ತುವ ಮೊದಲು ಪ್ರತಿದಿನವೂ ಕಡ್ಡಿಯನ್ನು ಹಣೆಗೊತ್ತಿಕೊಂಡು ಒಂದೇ ಮಾತು ಹೇಳುತ್ತಿದ್ದಳು: “ಇವತ್ತು ಒಂದು ಸುತ್ತು, ತಾಯೇ.”

“ಒಟ್ಟು ಎಷ್ಟು ದಿನ ಅಜ್ಜಿ?”

“ಬಂದಷ್ಟು ದಿನ.”

“ಯುಗಾದಿಗೆ ಮುಗಿಯುತ್ತದೋ ಇಲ್ಲವೋ ಅಷ್ಟು ಹೇಳು.”

“ಯುಗಾದಿ ನಿಮಗೆ ಗೊತ್ತು. ಒಳಗಿರೋದಕ್ಕೆ ಹೆಂಗೆ ಗೊತ್ತಾಯ್ತದೆ? ಎಳೀಬ್ಯಾಡಿ ಅಯ್ನೋರೇ. ಎಳದ್ರೆ ಒಳಗೇ ಕಿತ್ಕತದೆ. ಕಿತ್ಕಂಡ್ರೆ ನನ್ನ ಕೈಲಾಗಾಕಿಲ್ಲ, ಯಾರ ಕೈಲೂ ಆಗಾಕಿಲ್ಲ.”

ಅವಳು ಹೋದ ಮೇಲೆ ಬೆಳಗಿನ ಉರಿ ತಡೆಯಲಾರದೆ ನಾನು ಕಲ್ಯಾಣಿಗೆ ಹೋಗಿ ನಿಲ್ಲುತ್ತಿದ್ದೆ. ದಿನಾ ಹೋಗುತ್ತಿದ್ದೆ.

ಅಮಾವಾಸ್ಯೆಯ ದಿನ ಬಂತು. ಮರುದಿನವೇ ಹಬ್ಬ. ಕಡ್ಡಿಗೆ ಹತ್ತು ಸುತ್ತು ಬಿದ್ದಿತ್ತು. ಮಧ್ಯಾಹ್ನ ಪಾರ್ವತಿ ಮಾವಿನ ಸೊಪ್ಪು ಆರಿಸುತ್ತ ಹೊರಗೆ ಕೂತಿದ್ದಳು. ನಾನು ಒಳಗೆ ಬಟ್ಟೆ ಬಿಚ್ಚಿಕೊಂಡು ಕೂತೆ. ಆಣೆ ಇಟ್ಟಿದ್ದೇನೆ, ದೇವರು ನೋಡಿಕೊಳ್ಳುತ್ತಾನೆ ಎಂದು ಕಡ್ಡಿ ಹಿಡಿದು ಸುತ್ತಿದೆ. ಒಂದು ಸುತ್ತು ಬಂತು. ಎರಡು ಬಂತು. ಮೂರನೆಯದಕ್ಕೆ ಗಟ್ಟಿಯಾಯಿತು. ನಾನು ಎಳೆದೆ.

ಸದ್ದೇನೂ ಆಗಲಿಲ್ಲ. ಕೈಗೆ ಹಗುರವಾಯಿತು. ಉಳಿದ ತುದಿ ಗಾಯದೊಳಕ್ಕೆ ಸರಿದು ಮಾಯವಾದದ್ದನ್ನು ಕಣ್ಣಾರೆ ಕಂಡೆ.

ಯುಗಾದಿಯ ದಿನ ಗುಡಿಯ ಗಂಟೆ ಹೊಡೆದದ್ದು ನನ್ನ ತಮ್ಮ. ನಾನು ಚಳಿಜ್ವರದಲ್ಲಿ ಹಲ್ಲು ಕಡಿಯುತ್ತ ಮಲಗಿದ್ದೆ. ಮೂರನೆಯ ದಿನಕ್ಕೆ ಮೊಣಕಾಲು ಕುಂಬಳಕಾಯಿಯಾಗಿತ್ತು. ಅಜ್ಜಿ ಬಂದು ನೋಡಿ, ಬಟ್ಟೆ ಮುಚ್ಚಿ, ನನ್ನ ಮುಖ ನೋಡದೆ ಪಾರ್ವತಿಗೆ ಹೇಳಿದಳು, “ಗಾಡಿ ಕಟ್ಟಿಸಮ್ಮ. ಮದಗಿರಿ ಆಸ್ಪತ್ರೆಗೆ ಹೊಡ್ಕಂಡು ಹೋಗಿ.” ಬೈದಿದ್ದರೆ ಚೆನ್ನಾಗಿತ್ತು.

ಮಧುಗಿರಿಯ ಆಸ್ಪತ್ರೆಯ ಜಗುಲಿಯಲ್ಲಿ ಸಾಲಾಗಿ ಕಾಲುಗಳು. ಮುಖ ನೋಡುವ ಮೊದಲು ಕಾಲು ನೋಡುವುದು ಅಲ್ಲಿನ ಪದ್ಧತಿಯಾಗಿತ್ತು. ಎರಡು ದಿನ ನಮ್ಮ ಪಾಳಿ ಬರಲಿಲ್ಲ. ನನ್ನ ಗಾಯದ ನಾತಕ್ಕೆ ಪಕ್ಕದವರು ಸರಿದು ಕೂರುತ್ತಿದ್ದರು, ಅವರದೇ ಗಾಯವಿದ್ದರೂ. ನೂರು ಜನ ಕಾಲಿಗೆ ಬೀಳುತ್ತಿದ್ದವನು ನಾನು. ಆ ಜಗುಲಿಯ ಮೇಲೆ ಸತ್ತರೆ ಸಾಕು ಎನ್ನಿಸಿತು.

ಸರಿಯದೆ ಕೂತವರು ಒಬ್ಬರೇ, ಶಿರಾದ ಅತ್ತರು ಮಾರುವ ಒಬ್ಬ ಸಾಹೇಬರು. ಅವರಿಗೂ ಹಿಮ್ಮಡಿಯಲ್ಲಿ ಅದೇ ಹುಳ. ಪೆಟ್ಟಿಗೆಯಿಂದ ಒಂದು ಚೂರು ಹತ್ತಿ ತೆಗೆದು, ಅತ್ತರು ಮುಟ್ಟಿಸಿ, ಪಾರ್ವತಿಯ ಕೈಗೆ ಕೊಟ್ಟರು.

“ಮೂಗಿನ ಹತ್ತಿರ ಇಡಿ ಅಮ್ಮಾ. ಅಯ್ನೋರಿಗೆ ತಮ್ದೇ ನಾತ ತಮಗೆ ಬಡೀತಾ ಐತೆ, ಅದಕ್ಕೇ ಮನಸ್ಸು ಕೆಟ್ಟೋಗೈತೆ.”

“ನಿಮಗೆ ಎಷ್ಟು ದಿನದಿಂದ?” ಎಂದು ಕೇಳಿದೆ.

“ಎಣಿಸೋದು ಬಿಟ್ಬಿಟ್ಟೆ. ಎಣಿಸಿದ್ರೆ ಸಬರ್ ಹೋಗ್ತೈತೆ, ತಾಳ್ಮೆ.”

ಆ ಹತ್ತಿ ಮೂರು ದಿನ ನನ್ನ ಮೂಗಿನ ಹತ್ತಿರವಿತ್ತು. ಕಾಯಿಲೆಯಲ್ಲಿ ನನಗೆ ಸಿಕ್ಕಿದ ಔಷಧಿಗಳಲ್ಲಿ ಕೆಲಸ ಮಾಡಿದ್ದು ಅದೊಂದೇ ಎಂದು ಈಗಲೂ ಅನ್ನಿಸುತ್ತದೆ. ಸಾಹೇಬರನ್ನು ಮತ್ತೆ ನೋಡಲಿಲ್ಲ.

ಡಾಕ್ಟರು ಒಳ್ಳೆಯವರು. ಕೊಯ್ದು ಕೀವು ತೆಗೆದರು, ಮತ್ತೆ ಕೊಯ್ದರು. ಕಾಲು ಉಳಿಯುತ್ತದೆ ಎಂದರು. ಕೀಲಿನೊಳಕ್ಕೆ ಇಳಿದುಬಿಟ್ಟಿದೆ, ಮಡಿಚಿದ್ದು ಬಿಚ್ಚುವುದು ಕಷ್ಟ ಎಂದೂ ಹೇಳಿದರು. ಪಾರ್ವತಿ “ಪೂಜೆ ಮಾಡಬೇಕು ಸ್ವಾಮಿ ಇವರು” ಎಂದಳು, ಅದನ್ನು ಕೇಳಿದರೆ ಅವರು ಇನ್ನೊಂದು ಔಷಧಿ ಹುಡುಕುತ್ತಾರೇನೋ ಎಂಬಂತೆ. ಅವರು ಮನೆಯಲ್ಲೇ ಕೂತು ಮಾಡಲಿ ಎಂದರು. ಅವರಿಗೆ ಗೊತ್ತಾಗುವ ವಿಷಯವಲ್ಲ ಅದು.

ಎರಡು ತಿಂಗಳ ಮೇಲೆ ಊರಿಗೆ ಬಂದಾಗ ನನ್ನ ಕಾಲು ಈಗ ಹೇಗಿದೆಯೋ ಹಾಗೇ ಇತ್ತು. ಹಿರಿಯರು ಮನೆಯ ಜಗುಲಿಗೆ ಬಂದು ಕೂತರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. “ಶಾಸ್ತ್ರ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು ಅಯ್ನೋರೇ” ಎಂದರು. ರುದ್ರಯ್ಯ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. “ಅಣ್ಣ, ನನಗೆ ಬೇಕಾಗಿ ತಗೋತಾ ಇಲ್ಲ” ಎಂದ. ನನ್ನ ಹತ್ತಿರ ಉಳಿದಿದ್ದ ಗುಡಿಯ ಎರಡನೆಯ ಬೀಗದ ಕೈ ನಾನೇ ತೆಗೆದು ಅವನ ಕೈಯಲ್ಲಿಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡಾಗ ನನಗೆ ಅವನ ಮೇಲೆ ಬಂದಂಥ ಸಿಟ್ಟು ಯಾವ ಶತ್ರುವಿನ ಮೇಲೂ ಬಂದಿಲ್ಲ. ಅವನ ತಪ್ಪೇನಿತ್ತು?

ಆ ವರ್ಷ ನಾನು ಮನುಷ್ಯನಾಗಿ ಬಾಳಲಿಲ್ಲ. ಮತ್ತೆ ಆಣೆ ಇಟ್ಟೆ, ತಪ್ಪಿದ ಸರದಿಯನ್ನು ತಮ್ಮನಿಂದ ಕೇಳಿ ಪಡೆದು ಬರುವ ಯುಗಾದಿಗೆ ನೆಟ್ಟಗೆ ನಿಂತು ಸಂಕಲ್ಪ ಹೇಳಿಸುತ್ತೇನೆ ಎಂದು. ಹಿಮ್ಮಡಿಗೆ ಮರಳಿನ ಚೀಲ ಕಟ್ಟಿಸಿಕೊಂಡು ಮಲಗಿದೆ. ಹರಳೆಣ್ಣೆ ತಿಕ್ಕಿಸಿದೆ. ಪಾರ್ವತಿಯನ್ನು ಮೊಣಕಾಲಿನ ಮೇಲೆ ಕೂರಿಸಿ ಒತ್ತಿಸಿದೆ, ಅವಳು ಅಳುತ್ತ ಒತ್ತುತ್ತಿದ್ದಳು, ನಾನು ಇನ್ನೂ ಜೋರಾಗಿ ಎಂದು ಕಿರುಚುತ್ತಿದ್ದೆ. ಒಂದು ಅಕ್ಷತೆಯಷ್ಟೂ ಬಿಚ್ಚಲಿಲ್ಲ. ಸೋತ ಪ್ರತಿ ಸಂಜೆ ಸಿಟ್ಟು ಅವಳ ಮೇಲೆ. ಅವಳು ಏನನ್ನೂ ತಿರುಗಿ ಹೇಳದೆ, ನಾನು ಕೂರಲೆಂದು ಬಚ್ಚಲಲ್ಲಿ ಒಂದು ಗಿಡ್ಡ ಕಲ್ಲು ತಂದಿಡಿಸಿದಳು. ನಾನು ಬಿಡದೆ ಆಣೆ ಇಡುತ್ತಿದ್ದ ಹೊತ್ತಿಗೆ ಅವಳು ಈ ಕಾಲನ್ನು ಒಪ್ಪಿಕೊಂಡಾಗಿತ್ತು.

ಮತ್ತೆ ಫಾಲ್ಗುಣ ಬಂತು. ಹೋಳಿ ಕಳೆದದ್ದೇ ತಡ, ಊರಿನಲ್ಲಿ ಒಬ್ಬೊಬ್ಬರೇ ಕುಂಟಲು ಶುರುಮಾಡಿದರು. ಮೊದಲು ಗುಡಿಬೀದಿ, ಆಮೇಲೆ ಹಟ್ಟಿ. ಹಿಂದಿನ ವರ್ಷ ಊರಿಗೆ ಮೂರೋ ನಾಲ್ಕೋ ಇದ್ದದ್ದು ಈ ಸಲ ಮನೆಮನೆಗೆ ಬಂತು. ಗದ್ದಲ ಮಧುಗಿರಿಯವರೆಗೆ ಮುಟ್ಟಿ, ಖಾಕಿ ಕೋಟಿನ ಒಬ್ಬ ಹೆಲ್ತ್ ಇನ್‌ಸ್ಪೆಕ್ಟರು ಬಂದರು. ಗುಡಿಯ ಮುಂದೆ ಎಲ್ಲರನ್ನೂ ಕೂರಿಸಿ, ಕಲ್ಯಾಣಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದರು. ಸೂಜಿಮೊನೆಯಷ್ಟು ಏನೋ ಕುಣಿಯುತ್ತಿದ್ದವು.

“ಇವುಗಳ ಹೊಟ್ಟೇಲಿ ಹುಳದ ಮರಿ. ಈ ನೀರು ಕುಡಿದೋರ ಮೈಯಲ್ಲಿ ಒಂದು ವರ್ಷ ಬೆಳೆದು ಆಚೆಗೆ ಬರುತ್ತೆ. ಹುಣ್ಣಿರೋ ಕಾಲು ನೀರಿಗಿಟ್ಟರೆ ಮತ್ತೆ ಮರಿ ಬಿಡುತ್ತೆ. ಬೊಕ್ಕೆ ಒಡೆದಾಗ ಹಾಲಿನ ಹಾಗೆ ಬರುತ್ತಲ್ಲ, ಅದೇ.” ಲೋಟ ಕೆಳಗಿಟ್ಟು ಕೇಳಿದರು, “ಹೋದ ವರ್ಷ ಹುಣ್ಣಿದ್ದೋರು ಯಾರಾದರೂ ಇದಕ್ಕೆ ಇಳಿದಿದ್ರಾ?”

ಹಿಂದಿನಿಂದ ಯಾರೋ, “ಎಲ್ಲಾರೂ ಇಳೀತೀವಿ ಸ್ವಾಮಿ, ನೀರು ಬ್ಯಾಡ್ವಾ?” ಎಂದರು. ಜನ ನಕ್ಕರು. ನಾನೂ ನಕ್ಕೆ. ಪಾರ್ವತಿ ಹೆಂಗಸರ ನಡುವೆ ಕೂತಿದ್ದವಳು ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ನನ್ನ ಪಂಚೆ ಒದ್ದೆಯಾಗಿರುತ್ತಿದ್ದುದು ಅವಳಿಗೆ ಗೊತ್ತಿತ್ತು. ಹೋಳಿಯ ಮಾರನೆಯ ದಿನದಿಂದ ಅಮಾವಾಸ್ಯೆಯವರೆಗೆ ದಿನಾ ಬೆಳಿಗ್ಗೆ. ನನ್ನೊಬ್ಬನಿಂದಲೇ ಆಯಿತೋ, ಉಳಿದ ಮೂವರದೂ ಪಾಲಿತ್ತೋ, ಯಾರಿಗೆ ಗೊತ್ತು. ಊರಿನ ಮುಂದೆ ಬಾಯಿ ಬಿಡಲಿಲ್ಲ. ಆಮೇಲೆ ಮೆಟ್ಟಿಲು ಮುಚ್ಚಿ, ರಾಟೆ ಹಾಕಿಸಿ, ಕಟ್ಟೆ ಕಟ್ಟುವವರೆಗೆ ನಾಲ್ಕು ವರ್ಷ ಹಿಡಿಯಿತು. ಅಷ್ಟು ವರ್ಷವೂ ಬಾಯಿ ಬಿಡಲಿಲ್ಲ. ಬರೆದು ಹೇಳುತ್ತಿರುವುದು ಇದೇ ಮೊದಲು.

ಅವತ್ತು ಸಂಜೆ ಹಟ್ಟಿಗೆ ಹೋದೆ, ಊರುಗೋಲಿನ ಮೇಲೆ. ಕರಿಯಮ್ಮಜ್ಜಿ ಗುಡಿಸಲ ಮುಂದೆ ಕಾಲು ಚಾಚಿ ಕೂತಿದ್ದಳು. ಹಿಮ್ಮಡಿಯ ಹಿಂದೆ ಸೊಸೆ ಹೇಗೋ ಕಟ್ಟಿಕೊಟ್ಟಿದ್ದ ಕಡ್ಡಿಯಿತ್ತು. ಊರಿನ ಹುಳವನ್ನೆಲ್ಲ ಸುತ್ತಿದವಳಿಗೆ ತನ್ನದೇ ಹಿಮ್ಮಡಿಯ ಹಿಂದಕ್ಕೆ ಕೈ ಎಟುಕುತ್ತಿರಲಿಲ್ಲ, ಕಣ್ಣೂ ಮಂಜಾಗಿತ್ತು. ಅವಳ ಕೈ ಹಿಡಿದು ಕಲಿತವರು ಯಾರೂ ಇರಲಿಲ್ಲ. ಅವಳ ಕೆಲಸವನ್ನು ಹತ್ತು ದಿನ ಹತ್ತಿರದಿಂದ ನೋಡಿದ್ದವರಲ್ಲಿ ನಾನೂ ಒಬ್ಬ.

“ಅಜ್ಜಿ, ಹೋದ ವರ್ಷ ಹುಣ್ಣಿದ್ದಾಗ ನಾನು ದಿನಾ ಕಲ್ಯಾಣಿಯಲ್ಲಿ ಕಾಲಿಟ್ಟು ನಿಲ್ಲುತ್ತಿದ್ದೆ.”

“ಗೊತ್ತು.”

“ಹೇಗೆ ಗೊತ್ತು?”

“ಬಟ್ಟೆ ಬಿಚ್ಚಿದ್ರೆ ಗಾಯ ನೆನೆದು ಬೆಳ್ಳಗಿರ್ತಿತ್ತಲ್ಲ.”

“ಮತ್ತೆ ಬೈಯಲಿಲ್ಲ ಯಾಕೆ?”

“ಉರೀತಿತ್ತು, ಇಟ್ರಿ. ನಾನೂ ಇಟ್ಟಿದ್ದೆ ವಯಸ್ಸಿನಾಗೆ. ನೀರಾಗೆ ಇದು ಐತೆ ಅಂತ ನನಗೇನು ಗೊತ್ತಿತ್ತಾ?” ಕಾಲನ್ನು ನನ್ನ ಕಡೆ ಸರಿಸಿ ಹೇಳಿದಳು, “ಈವಾಗ ಗೊತ್ತಾಯ್ತಲ್ಲ. ಕೂತ್ಕಳ್ರಿ. ಇವತ್ತಿಂದು ಸುತ್ರಿ.”

ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸಲಿಲ್ಲ ಎಂದೂ ಅನ್ನಲಿಲ್ಲ. ಅರ್ಚಕನಾಗಿಯೇ ಉಳಿದಿದ್ದರೆ ನಾನು ಅವಳ ಕಾಲು ಮುಟ್ಟುತ್ತಿರಲಿಲ್ಲ, ಅವಳೂ ಮುಟ್ಟಗೊಡುತ್ತಿರಲಿಲ್ಲ. ಮೊದಲ ದಿನ ನಾನು ಕಡ್ಡಿ ಹಿಡಿದು ತಿರುಗಿಸದೆ ಕೂತೆ. “ನಿದಾನಂಗಾ, ನಿದಾನಂಗಾ” ಎಂದು ಅವಳೇ ನನಗೆ ಧೈರ್ಯ ಹೇಳಿದಳು. ಗಟ್ಟಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಲು ಹೇಳಿಕೊಟ್ಟಳು. ನಿಲ್ಲಿಸುವುದೇ ಕಷ್ಟ. ಇನ್ನೊಂದಿಷ್ಟು, ಇನ್ನೊಂದಿಷ್ಟು ಎಂದು ಬೆರಳು ಕೇಳುತ್ತದೆ.

ಯುಗಾದಿಯ ಬೆಳಿಗ್ಗೆ ಗುಡಿಯ ಗಂಟೆ ಕೇಳಿಸುತ್ತಿತ್ತು. ರುದ್ರಯ್ಯ ಜನರಿಗೆ ಸಂಕಲ್ಪ ಹೇಳಿಸುತ್ತಿದ್ದ. ನೆಟ್ಟಗೆ ನಿಂತು ನಾನು ಹೇಳಿಸಬೇಕಿದ್ದ ದಿನ. ನಾನು ಹಟ್ಟಿಯಲ್ಲಿ ಕುಂಟುಗಾಲು ಚಾಚಿಕೊಂಡು ಕೂತಿದ್ದೆ.

“ಅಯ್ನೋರೇ, ನನಗೂ ಒಂದು ಸಂಕಲ್ಪ ಹೇಳ್ಸಿ” ಎಂದಳು ಅಜ್ಜಿ. “ಗುಡೀಗೆ ಬಂದು ಯಾವತ್ತೂ ಕೈಯೊಡ್ಡಿಲ್ಲ ನಾನು.”

ಅಕ್ಷತೆ ಇರಲಿಲ್ಲ. ಅವಳ ಅಂಗೈಗೆ ನಾಲ್ಕು ಕಾಳು ರಾಗಿ, ಒಂದು ಗುಟುಕು ನೀರು ಹಾಕಿದೆ. ಪಾರ್ವತಿ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಕೊಟ್ಟಿದ್ದ ನೀರು. ಸಂವತ್ಸರ ಹೇಳಿದೆ, ಊರು ಹೇಳಿದೆ, ಅವಳ ಹೆಸರು ಹೇಳಿದೆ. ಏತಕ್ಕಾಗಿ ಎಂಬ ಜಾಗ ಬಂತು. ರೋಗ ವಾಸಿಯಾಗಲಿ ಎಂಬುದನ್ನು ಹಾಕಲು ಬಾಯಿ ತೆರೆದೆ.

“ಅದು ಬ್ಯಾಡ” ಎಂದಳು. ಏನು ಹೇಳಲಿದ್ದೆ ಎಂದು ಅವಳಿಗೆ ಹೇಗೆ ತಿಳಿಯಿತೋ. “ವಾಸಿ ಆಗೋದು ಯಾರಿಗೆ ಗೊತ್ತು? ಇವತ್ತು ಒಂದು ಸುತ್ತು ಅಂತ ಸೇರ್ಸಿ, ಸಾಕು.”

ನನ್ನ ಸಂಸ್ಕೃತದಲ್ಲಿ ಅದಕ್ಕೆ ಮಾತಿರಲಿಲ್ಲ. ಕನ್ನಡದಲ್ಲೇ ಹೇಳಿ, ಕರಿಷ್ಯೇ ಎಂದೆ. ಅವಳು ನೀರು ಬಿಟ್ಟಳು. ತಂದೆ ಹೇಳಿದ್ದು ಅವತ್ತು ನನಗೆ ತಿಳಿಯಿತು. ತಿಳಿದು ಏನಾಗಬೇಕಿತ್ತು? ನನ್ನ ಮೊಣಕಾಲಿಗೆ ಒಂದು ವರ್ಷ ತಡವಾಗಿತ್ತು. ಆಮೇಲಿನ ಯುಗಾದಿಗಳಲ್ಲಿ ನಾನು ಆಣೆ ಇಟ್ಟಿಲ್ಲ. ಕಾಲು ನೆಟ್ಟಗಾಗಲಿ ಎಂದಿಲ್ಲ, ಸಿಡುಕುವುದಿಲ್ಲ ಎಂದೂ ಇಲ್ಲ. ಇವತ್ತು ಯಾರ ಮನೆಗೆ ಕಡ್ಡಿ ಹಿಡಿದು ಹೋಗಬೇಕೋ ಅಷ್ಟನ್ನು ನೆನೆದು ನೀರು ಬಿಡುತ್ತೇನೆ. ಇದರಿಂದ ಮನಸ್ಸಿಗೆ ನೆಮ್ಮದಿ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಂಜೆಯ ಮಂಗಳಾರತಿಯ ಸದ್ದು ಕೇಳಿದರೆ ಈಗಲೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ.

ಹಬ್ಬವಾದ ಐದನೆಯ ದಿನ ಅಜ್ಜಿಗೆ ಜ್ವರ ಬಂತು. ಏಳನೆಯ ದಿನ ದವಡೆ ಕಚ್ಚಿಕೊಂಡಿತು, ಮೈ ಬಿಲ್ಲಿನಂತೆ ಬಗ್ಗಿತು. ಗಾಡಿ ಕಟ್ಟಿಸುತ್ತೇನೆಂದೆ. ಬೇಡವೆಂದು ಕಣ್ಣಲ್ಲೇ ಹೇಳಿದಳು. ಆ ಎರಡು ದಿನವೂ ನಾನು ಹೋಗಿ ಸುತ್ತಿದೆ. ಎಳೆಯಲಿಲ್ಲ. ಒಂದು ಸಲವೂ ಕಿತ್ತುಬರಲಿಲ್ಲ. ಇಷ್ಟು ಸರಿಯಾಗಿ ಮಾಡಿದರೂ ಹೀಗಾಗುವುದಾದರೆ ಸರಿಯಾಗಿ ಮಾಡಿ ಬಂದದ್ದೇನು ಎಂದು ದೇವರನ್ನು ಕೇಳಿದೆ. ನನಗೆ ಅವನ ಗುಡಿಯ ಬಾಗಿಲು ಮುಚ್ಚಿತ್ತು, ಹಟ್ಟಿಯ ಬೇಲಿಯ ಹತ್ತಿರ ನಿಂತು ಕೇಳಿದೆ.

ಒಂಬತ್ತನೆಯ ದಿನ ನಾನು ಹೋಗುವ ಹೊತ್ತಿಗೆ ಹಟ್ಟಿಯ ಹೆಂಗಸರು ಅವಳಿಗೆ ನೀರು ಹಾಕಲು ಹಂಡೆ ಇಳಿಸುತ್ತಿದ್ದರು. ಪ್ರಾಣ ಬೆಳಿಗ್ಗೆಯೇ ಹೋಗಿತ್ತು. ಅವಳ ಸೊಸೆ ಕಾಲಿನ ಕಡ್ಡಿ ತೋರಿಸಿ ಕೇಳಿದಳು, “ಇದನ್ನ ಏನು ಮಾಡಾನ ಅಯ್ನೋರೇ? ಕಿತ್ತಾಕ್ಲಾ?”

“ಸ್ವಲ್ಪ ತಾಳಮ್ಮ” ಎಂದೆ.

ಕೂತು ಬಟ್ಟೆ ಬಿಚ್ಚಿದೆ. ಹಿಮ್ಮಡಿ ತಣ್ಣಗಿತ್ತು. ಕಡ್ಡಿಯನ್ನು ಹಣೆಗೊತ್ತಿಕೊಂಡು ಅವಳು ಹೇಳುತ್ತಿದ್ದ ಮಾತನ್ನೇ ಹೇಳಿದೆ. ಮೆಲ್ಲಗೆ ತಿರುಗಿಸಿದೆ. ಬಂತು. ಬದುಕಿದ್ದಾಗಿನದಕ್ಕಿಂತ ಸಲೀಸಾಗಿ ಬಂತು, ಇನ್ನೊಂದು ತಿರುಗಿಸಿದರೆ ಇನ್ನೂ ಬರುತ್ತಿತ್ತು, ಪೂರ್ತಿ ಬಂದುಬಿಡುತ್ತಿತ್ತೋ ಏನೋ. ಕಿತ್ತುಹೋದರೂ ಇನ್ನು ಅವಳಿಗೆ ನೋವಾಗುವಂತಿರಲಿಲ್ಲ.

ಒಂದು ಸುತ್ತಿಗೆ ನಿಲ್ಲಿಸಿ, ಕಡ್ಡಿಯನ್ನು ಅವಳ ಕಾಲಿಗೆ ಕಟ್ಟಿದೆ.